ಮೂತಿ ಎತ್ತಿ ನಿಂತ ಸುಖೋಯ್

(ಒಂದು ಪದವಿ ಕಾಲೇಜಿನ ವಿಜ್ಞಾನ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ ಮೊರವನ್ನು ಇಲ್ಲಿ ಓದುಗರು ಊಹಿಸಿಕೊಳ್ಳಬೇಕು.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವ ಮೊರ ನೋಡಿ ಮುಂದಿನ ಸಾಲಿನವರು ಆಗಲೇ ನಗುತ್ತಿದ್ದೀರಿ. ಯುದ್ಧವಿಮಾನದ ಬಗ್ಗೆ ಮಾತನಾಡಲು ಕರೆದರೆ ಈ ಮನುಷ್ಯ ಅಕ್ಕಿ ಕೇರಲು ಬಂದಿದ್ದಾನಲ್ಲ ಎಂದು. ಸ್ವಲ್ಪ ತಾಳಿ, ಇದರ ಕೆಲಸ ಬರುತ್ತದೆ.

2025ರ ಫೆಬ್ರುವರಿ 10ರಿಂದ 14ರವರೆಗೆ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಎಂಬ ವಿಮಾನ ಪ್ರದರ್ಶನ ನಡೆಯಿತು. ನಿಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರಿ? ಕೈಗಳು ಬಹಳ ಎದ್ದಿವೆ. ಪಾಸು ಹಿಡಿದು ಒಳಗೆ ಹೋದವರು? ಅಲ್ಲಿಗೆ ಮುಕ್ಕಾಲು ಕೈ ಇಳಿದವು. ಸಂಕೋಚಪಡಬೇಡಿ. ರಸ್ತೆ ಬದಿಯಲ್ಲಿ ಬೈಕು ನಿಲ್ಲಿಸಿ, ಪರಿಚಯದವರ ಮನೆಯ ತಾರಸಿ ಹತ್ತಿ ನೋಡುವ ಪಂಗಡಕ್ಕೆ ನಾನೂ ಸೇರಿದವನು. ಅಲ್ಲಿಂದ ನೋಡುವುದರಲ್ಲಿ ಒಂದು ಲಾಭವಿದೆ. ವಿಮಾನ ಒಂದೂವರೆ ಕಿಲೋಮೀಟರ್ ದೂರದಲ್ಲಿದ್ದರೆ ಅದರ ಸದ್ದು ನಿಮಗೆ ತಲುಪಲು ನಾಲ್ಕು ಸೆಕೆಂಡಿನ ಮೇಲಾಗುತ್ತದೆ. ಕಣ್ಣಿಗೆ ಮೊದಲು ಮೂಕಚಿತ್ರ, ಆಮೇಲೆ ಎದೆಗೆ ಗುದ್ದು. ಕಾಣುವುದೇ ಬೇರೆ, ಕೇಳುವುದೇ ಬೇರೆ ಎಂಬುದು ತಾರಸಿಯ ಮೇಲೆ ನಿಂತವನಿಗೆ ಬೇಗ ತಿಳಿಯುತ್ತದೆ.

ಆ ಸಲದ ಆಕರ್ಷಣೆ ರಷ್ಯಾದ ಯುದ್ಧವಿಮಾನ ಸುಖೋಯ್-57. ಅಮೆರಿಕದ ಎಫ್-35 ಕೂಡ ಬಂದಿತ್ತು. ಇವೆರಡೂ ನಮ್ಮ ನೆಲದಲ್ಲಿ ಒಂದೇ ಪ್ರದರ್ಶನದಲ್ಲಿ ಸೇರಿದ್ದು ಅದೇ ಮೊದಲು. ಸುಖೋಯ್-57 ಹಾರಿಸಿದವರು ಸೆರ್ಗೇಯ್ ಬೊಗ್ದಾನ್. 2010ರ ಜನವರಿ 29ರಂದು ಅಮೂರ್ ನದಿ ದಡದ ಕೊಮ್ಸೊಮೊಲ್ಸ್ಕ್ ನಗರದಲ್ಲಿ ಈ ವಿಮಾನದ ಮೊಟ್ಟಮೊದಲ ಮಾದರಿಯನ್ನು ನೆಲದಿಂದ ಎತ್ತಿದವರೂ ಅವರೇ. ಹೆತ್ತಾಗ ಎತ್ತಿಕೊಂಡ ಕೈಯೇ ಹದಿನೈದು ವರ್ಷದ ಮೇಲೆ ಊರೂರು ಸುತ್ತಿಸಿ ಮಗುವನ್ನು ಜನರಿಗೆ ತೋರಿಸುತ್ತಿದೆ.

ಮೂತಿಯನ್ನು ಆಕಾಶಕ್ಕೆ ಎತ್ತಿಕೊಂಡು, ಹೊಟ್ಟೆಯನ್ನು ಎದುರು ಗಾಳಿಗೆ ಒಡ್ಡಿಕೊಂಡು, ಇಪ್ಪತ್ತು ಮೀಟರ್ ಉದ್ದದ ಆ ವಿಮಾನ ತೆವಳುವಂತೆ ಸಾಗುತ್ತಿತ್ತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು 'ಅಯ್ಯೋ, ನಿಂತೇಹೋಯಿತಲ್ಲ' ಎಂದರು. ಇಂದಿನ ನನ್ನ ಮಾತೆಲ್ಲ ಆ ಅಜ್ಜಿಯ ಉದ್ಗಾರಕ್ಕೆ ವ್ಯಾಖ್ಯಾನ. ವಿಮಾನ ಹಾಗೆ ನಿಲ್ಲುವುದು ಹೇಗೆ? ನಿಂತರೆ ಯುದ್ಧದಲ್ಲಿ ಏನು ಪ್ರಯೋಜನ?

ಈಗ ಮೊರ. ಮೊರದ ಅಂಚನ್ನು ಗಾಳಿಗೆ ನೇರವಾಗಿ ಹಿಡಿದರೆ ಗಾಳಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮುಂದಿನ ಅಂಚನ್ನು ತುಸು ಮೇಲೆತ್ತಿ, ಮೊರ ಹಗುರವಾಗುತ್ತದೆ, ಮೇಲೇಳಲು ಹವಣಿಸುತ್ತದೆ. ರೆಕ್ಕೆಯ ಕೆಲಸ ಇದೇ. ಇನ್ನೂ ಎತ್ತಿ, ಇನ್ನೂ ಎತ್ತಿ. ಒಂದು ಹಂತದಲ್ಲಿ ಎತ್ತುವ ಬಲ ಹೋಗಿ ಗಾಳಿ ಬರೀ ಹಿಂದಕ್ಕೆ ತಳ್ಳತೊಡಗುತ್ತದೆ, ಮಣಿಕಟ್ಟು ನೋಯುತ್ತದೆ. ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುವವರೆಗೆ ವಿಮಾನ ಹಾರುತ್ತದೆ. ಸಾಮಾನ್ಯ ರೆಕ್ಕೆಯಲ್ಲಿ ಹದಿನೈದು ಡಿಗ್ರಿ ಆಸುಪಾಸು ದಾಟಿದರೆ ಗಾಳಿ ಬೆನ್ನು ಬಿಟ್ಟು ಸುಳಿಯಾಗಿ ಚದುರುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಪೈಲಟ್ ತರಬೇತಿಯಲ್ಲಿ ಮೊದಲು ಹೇಳಿಕೊಡುವ ಪಾಠವೇ ಅದರ ಹತ್ತಿರ ಸುಳಿಯಬೇಡ ಎಂಬುದು.

1989ರ ಜೂನ್‌ನಲ್ಲಿ ಪ್ಯಾರಿಸ್ ಬಳಿಯ ಲ ಬೂರ್ಜೆ ಪ್ರದರ್ಶನದಲ್ಲಿ ಸೋವಿಯತ್ ಪೈಲಟ್ ವಿಕ್ಟರ್ ಪುಗಚ್ಯೋವ್ ಆ ಪಾಠವನ್ನು ಎಲ್ಲರೆದುರು ಮುರಿದರು. ಗಂಟೆಗೆ 400 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಸಮತಟ್ಟಾಗಿ ಬರುತ್ತಿದ್ದ ಸುಖೋಯ್-27 ತಟ್ಟನೆ ಮೂತಿ ಎತ್ತಿತು. ತೊಂಬತ್ತು ಡಿಗ್ರಿಗೂ ನಿಲ್ಲಲಿಲ್ಲ, ಅದನ್ನೂ ದಾಟಿ ಹಿಂದಕ್ಕೆ ವಾಲಿತು. ವಿಮಾನ ಮಾತ್ರ ಮೇಲಕ್ಕೆ ಹೋಗದೆ ಮುಂದಕ್ಕೇ ಸಾಗುತ್ತಿತ್ತು, ಬಾಲ ಮುಂದು, ಮೂತಿ ಹಿಂದು. ಕೆಲವೇ ಸೆಕೆಂಡು. ಆಮೇಲೆ ಏನೂ ಆಗಿಲ್ಲವೆಂಬಂತೆ ಮೂತಿ ಇಳಿಸಿ ಹೊರಟುಹೋಯಿತು. ಹೆಡೆ ಎತ್ತಿದ ನಾಗರಹಾವಿನಂತೆ ಕಂಡದ್ದರಿಂದ ಪುಗಚ್ಯೋವ್ ಕೋಬ್ರಾ ಎಂಬ ಹೆಸರು ನಿಂತಿತು. ಅದಕ್ಕೂ ಮೊದಲೇ ಪರೀಕ್ಷಾ ಹಾರಾಟಗಳಲ್ಲಿ ಈ ವಿಪರೀತ ಕೋನಗಳನ್ನು ಶೋಧಿಸಿದ್ದವರು ಇಗೋರ್ ವೋಲ್ಕ್ ಎಂಬ ಇನ್ನೊಬ್ಬ ಪೈಲಟ್. ಹೆಸರು ಮಾತ್ರ ಜನರೆದುರು ಮಾಡಿದವನಿಗೆ ಹೋಯಿತು. ಅದೇ ಪ್ರದರ್ಶನದಲ್ಲಿ ಸೋವಿಯತ್ತಿನ ಇನ್ನೊಂದು ವಿಮಾನ ನೆಲಕ್ಕೂ ಬಿತ್ತು, ಆ ಕಥೆ ಆಮೇಲೆ.

ಕೋಬ್ರಾದಲ್ಲಿ ಹೆಚ್ಚು ಜನ ಮೆಚ್ಚುವುದು ಪೈಲಟ್‌ನ ಗುಂಡಿಗೆಯನ್ನು. ನಾನು ಮೆಚ್ಚುವುದು ಎಂಜಿನ್ನನ್ನು. ಯೋಚಿಸಿ ನೋಡಿ. ಜೆಟ್ ಎಂಜಿನ್ ಮುಂದಿನ ಬಾಯಿಯಿಂದ ಗಾಳಿ ನುಂಗಿ ಬದುಕುವ ಪ್ರಾಣಿ. ಆ ಬಾಯಿ ಆಕಾಶ ನೋಡುತ್ತಿರುವಾಗ ಗಾಳಿ ಬರುವುದು ಹೊಟ್ಟೆಯ ಕಡೆಯಿಂದ. ಊಟ ಮಾಡುವವನ ಕತ್ತನ್ನು ಹಿಂದಕ್ಕೆ ಬಗ್ಗಿಸಿದಂತೆ. ಎಂತಹ ಎಂಜಿನ್ನಾದರೂ ಕೆಮ್ಮಬೇಕು, ಕೆಮ್ಮಿದರೆ ಬಾಯಿಂದಲೇ ಬೆಂಕಿ ಕಾರಬೇಕು. ಸುಖೋಯ್-27ರ ಎಎಲ್-31 ಎಂಜಿನ್ ಅದನ್ನು ಸಹಿಸಿಕೊಂಡಿತು. ಎಎಲ್ ಎಂಬ ಎರಡಕ್ಷರ ಅರ್ಖಿಪ್ ಲ್ಯುಲ್ಕಾ ಎಂಬ ವಿನ್ಯಾಸಕನ ಹೆಸರಿನ ಮೊದಲಕ್ಷರಗಳು. ಅದರದೇ ಸುಧಾರಿತ ರೂಪವನ್ನು ಇಂದು ನಮ್ಮ ಎಚ್‌ಎಎಲ್ ಒಡಿಶಾದ ಕೋರಾಪುಟ್‌ನಲ್ಲಿ ತಯಾರಿಸುತ್ತದೆ.

ಪುಗಚ್ಯೋವ್ ವಿಮಾನದ ನಾಜಲ್, ಅಂದರೆ ಹಿಂದಿನ ಬೆಂಕಿಯ ಬಾಯಿ, ಅಲುಗಾಡುವಂಥದ್ದಲ್ಲ. ಪೈಲಟ್ ಕೋನದ ಮಿತಿಯನ್ನು ಕಾಯುವ ಕಂಪ್ಯೂಟರ್ ವ್ಯವಸ್ಥೆಯನ್ನು ಆರಿಸಿ, ವಿಮಾನ ನಡೆಸುವ ಕಡ್ಡಿಯನ್ನು ಎದೆಗೆ ಎಳೆದುಕೊಳ್ಳುತ್ತಿದ್ದ. ಮಿಕ್ಕದ್ದನ್ನು ವಿಮಾನದ ಆಕಾರ ಮಾಡುತ್ತಿತ್ತು. ನಾಜಲ್ಲನ್ನೇ ತಿರುಗಿಸುವ ವಿದ್ಯೆ ಜನರ ಕಣ್ಣಿಗೆ ಬಿದ್ದದ್ದು 1996ರಲ್ಲಿ, ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ. ಅಲ್ಲಿ ಯೆವ್ಗೆನಿ ಫ್ರೊಲೋವ್ ಸುಖೋಯ್-37 ಎಂಬ ಪ್ರಾಯೋಗಿಕ ವಿಮಾನವನ್ನು ಇದ್ದ ಜಾಗದಲ್ಲೇ ಎಂಬಂತೆ ಲಾಗ ಹಾಕಿಸಿದರು.

ಆ ವಿದ್ಯೆ ಮೊದಲು ದೊಡ್ಡ ಸಂಖ್ಯೆಯಲ್ಲಿ ಸೇವೆಗೆ ಬಂದದ್ದು ರಷ್ಯಾದಲ್ಲಲ್ಲ, ನಮ್ಮಲ್ಲಿ. 2002ರಲ್ಲಿ ಪುಣೆಯಲ್ಲಿ ವಾಯುಪಡೆ ಸೇರಿದ ಸುಖೋಯ್-30 ಎಂಕೆಐ ನೋಡಿ. ಅದರ ಎರಡು ನಾಜಲ್‌ಗಳು ಹದಿನೈದು ಡಿಗ್ರಿಯವರೆಗೆ ಬಾಗುತ್ತವೆ. ಬಾಗುವುದು ನೇರ ಮೇಲೆ ಕೆಳಗೆ ಅಲ್ಲ. ಅವು ಬಾಗುವ ಅಕ್ಷವನ್ನು 32 ಡಿಗ್ರಿ ಓರೆ ಇಟ್ಟಿದ್ದಾರೆ. ಕುಶಲತೆ ಇರುವುದು ಆ ಓರೆಯಲ್ಲಿ. ಎರಡೂ ಒಟ್ಟಿಗೆ ಬಾಗಿದರೆ ಮೂತಿ ಏಳುತ್ತದೆ, ಇಳಿಯುತ್ತದೆ. ಒಂದು ಮೇಲೆ ಒಂದು ಕೆಳಗೆ ಬಾಗಿದರೆ ಓರೆಯ ದೆಸೆಯಿಂದ ಬಾಲ ಪಕ್ಕಕ್ಕೆ ಸರಿಯುತ್ತದೆ, ವಿಮಾನ ಬುಗುರಿಯಂತೆ ತನ್ನ ಸುತ್ತಲೇ ತಿರುಗುತ್ತದೆ. ವೇಗ ಸತ್ತಾಗ ಚುಕ್ಕಾಣಿಗೆ ಗಾಳಿಯ ಆಸರೆ ಇರುವುದಿಲ್ಲ. ಎಂಜಿನ್ನಿನ ಬೆಂಕಿಗೆ ಆ ಹಂಗಿಲ್ಲ. ಆ ವಿಮಾನದ ಮಿಷನ್ ಕಂಪ್ಯೂಟರ್ ರೂಪಿಸಿದ್ದು ಬೆಂಗಳೂರಿನಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ. ರಷ್ಯಾದ ವಿಮಾನ ಎಂದು ನಾವು ಕರೆಯುವುದರ ಹೊಟ್ಟೆಯಲ್ಲಿ ನಮ್ಮ ಊರಿನ ಕೆಲಸವೂ ಇದೆ.

ಸುಖೋಯ್-57ರಲ್ಲಿ ಇವೆಲ್ಲವೂ ಇವೆ. ಜೊತೆಗೆ ಹಿಂದಿನ ನಿಂತ ಬಾಲಗಳೆರಡೂ ಪೂರ್ತಿಯಾಗಿ ತಿರುಗುತ್ತವೆ, ರೆಕ್ಕೆಯ ಬುಡದ ಮುಂದಿನ ಅಂಚು ಕೂಡ ಬಾಗುತ್ತದೆ. ಇಷ್ಟು ಅಂಗಗಳನ್ನು ಒಬ್ಬ ಮನುಷ್ಯ ಒಟ್ಟಿಗೆ ಆಡಿಸಲಾರ. ಪೈಲಟ್ 'ಮೂತಿ ಅತ್ತ ಬೇಕು' ಎನ್ನುತ್ತಾನೆ. ಯಾವ ಅಂಗ ಎಷ್ಟು ಬಾಗಬೇಕೆಂಬುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಯಲಹಂಕಕ್ಕೆ ಇನ್ನೊಂದು ಕಷ್ಟವಿದೆ. ಅದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಫೆಬ್ರುವರಿ ಮಧ್ಯಾಹ್ನ ಬಿಸಿಲು ಮೂವತ್ತು ಡಿಗ್ರಿ ಮುಟ್ಟಿತೆಂದರೆ, ಪಠ್ಯಪುಸ್ತಕದ ಸಮುದ್ರಮಟ್ಟದ ಗಾಳಿಗಿಂತ ಅಲ್ಲಿನ ಗಾಳಿ ಶೇ 15ರಷ್ಟು ತೆಳು. ರೆಕ್ಕೆಗೆ ಅಷ್ಟು ಆಸರೆ ಕಡಿಮೆ, ಎಂಜಿನ್ನಿಗೆ ಅಷ್ಟು ಉಸಿರು ಕಡಿಮೆ. ಪ್ಯಾರಿಸ್‌ನ ತಂಪು ಗಾಳಿಯಲ್ಲಿ ಮಾಡಿದ ಕಸರತ್ತನ್ನು ಇಲ್ಲಿ ಮಾಡಲು ಹೆಚ್ಚು ಜಾಗ, ಹೆಚ್ಚು ಎತ್ತರ ಬೇಕು. ಹಾಗಾಗಿ ಯಲಹಂಕದಲ್ಲಿ ಚೆನ್ನಾಗಿ ಆಡಿದ ವಿಮಾನಕ್ಕೆ ನಾನು ಒಂದೆರಡು ಅಂಕ ಹೆಚ್ಚು ಕೊಡುತ್ತೇನೆ.

ಇಷ್ಟು ಹೊಗಳಿದ ಮೇಲೆ ಕೊಟ್ಟದ್ದನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಬೇಕು.

ಪ್ರದರ್ಶನಕ್ಕೆ ಬರುವ ವಿಮಾನ ಮದುವೆಗೆ ಬಂದ ಬೀಗರಂತೆ, ಹೊರೆ ಹೊರುವುದಿಲ್ಲ. ಕ್ಷಿಪಣಿ ಇರುವುದಿಲ್ಲ, ಟ್ಯಾಂಕಿನಲ್ಲಿ ಹತ್ತು ನಿಮಿಷಕ್ಕೆ ಸಾಕಾಗುವಷ್ಟು ಇಂಧನ. ಸುಖೋಯ್-30 ಎಂಕೆಐಯನ್ನೇ ತೆಗೆದುಕೊಳ್ಳಿ. ಎರಡು ಎಂಜಿನ್ ಸೇರಿ ಸುಮಾರು 25 ಟನ್ ನೂಕುಬಲ. ಖಾಲಿ ವಿಮಾನ ಹದಿನೆಂಟು ಟನ್ ಚಿಲ್ಲರೆ, ಮೂರು ಟನ್ ಇಂಧನ ಸೇರಿಸಿ; ತೂಕಕ್ಕಿಂತ ನೂಕುಬಲವೇ ಹೆಚ್ಚು, ನೆಟ್ಟಗೆ ಮೇಲೇರಬಹುದು. ಅದೇ ವಿಮಾನ ಪೂರ್ತಿ ಹೊರೆ ಹೊತ್ತರೆ ತೂಕ 38 ಟನ್ ದಾಟುತ್ತದೆ. ಆಗ ಈ ನೆಗೆದಾಟ ಎಲ್ಲಿ ಬಂತು? ಆಫ್ಟರ್‌ಬರ್ನರ್, ಅಂದರೆ ಎಂಜಿನ್ನಿನ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಸುರಿದು ಉರಿಸುವ ಏರ್ಪಾಟು, ಹೊತ್ತಿಸಿದಾಗ ಹಿಂದೆ ಕಾಣುವ ಕಿತ್ತಳೆ ಬಣ್ಣದ ಜ್ವಾಲೆಯ ಖರ್ಚನ್ನು ಒಮ್ಮೆ ಲೆಕ್ಕ ಹಾಕಿದ್ದೆ. ಎರಡೂ ಎಂಜಿನ್ ಪೂರ್ತಿ ಬಿಟ್ಟರೆ ನಿಮಿಷಕ್ಕೆ ಸುಮಾರು 800 ಕಿಲೋ. 200 ಲೀಟರಿನ ಡ್ರಮ್ ಐದು. ಹೊಟ್ಟೆ ತುಂಬ ಒಂಬತ್ತು ಟನ್ ಚಿಲ್ಲರೆ ಇಂಧನ ಹೊತ್ತರೂ ಹನ್ನೆರಡು ನಿಮಿಷದಲ್ಲಿ ಖಾಲಿ. ಯುದ್ಧದಲ್ಲಿ ಹಾಗೆ ಉರಿಸಿದವನು ಮನೆಗೆ ನಡೆದುಕೊಂಡು ಬರಬೇಕು.

ಇನ್ನು ಕೋಬ್ರಾ ಹಾಕಿ ಶತ್ರುವನ್ನು ಮುಂದಕ್ಕೆ ಹೋಗಗೊಟ್ಟು ಬೆನ್ನ ಮೇಲೆ ಹೊಡೆಯುವ ಮಾತು. ವಿಡಿಯೊ ಆಟಗಳಲ್ಲಿ ನೀವೆಲ್ಲ ಮಾಡಿರುತ್ತೀರಿ. ಹಠಾತ್ತನೆ ವೇಗ ಇಳಿಸಿದರೆ, ವೇಗದ ವ್ಯತ್ಯಾಸದಿಂದಲೇ ಗುರಿಯನ್ನು ಗುರುತಿಸುವ ರೇಡಾರ್ ಒಂದು ಗಳಿಗೆ ಗಲಿಬಿಲಿಗೊಳ್ಳಬಹುದು ಎಂಬ ವಾದವೂ ಇದೆ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆ ಗಳಿಗೆ ಕಳೆದ ಮೇಲೆ ನೀವು ವೇಗವೂ ಇಲ್ಲದೆ ಎತ್ತರವೂ ಇಲ್ಲದೆ ಗಾಳಿಯಲ್ಲಿ ಜೋತುಬಿದ್ದಿರುತ್ತೀರಿ. ಶತ್ರು ಒಬ್ಬನೇ ಬಂದಿರುವುದಿಲ್ಲ. ಅವನ ಜೊತೆಗಾರನಿಗೆ ನೀವು ಬೇಲಿಯ ಮೇಲೆ ಕೂತ ಕಾಗೆ.

ತಮಾಷೆಯೆಂದರೆ, ಮೂತಿ ತಿರುಗಿಸುವ ಈ ವಿದ್ಯೆಯ ಬೆಲೆ ಇಳಿಸಿದವರೂ ರಷ್ಯನ್ನರೇ. 1980ರ ದಶಕದಲ್ಲೇ ಅವರು ಮಿಗ್-29 ಮತ್ತು ಸುಖೋಯ್-27ರ ಪೈಲಟ್‌ಗಳಿಗೆ ಹೆಲ್ಮೆಟ್‌ನಲ್ಲೇ ಗುರಿ ಹಿಡಿಯುವ ಸಾಧನ ಕೊಟ್ಟರು, ಆರ್-73 ಎಂಬ ಕ್ಷಿಪಣಿ ಕೊಟ್ಟರು. ಪೈಲಟ್ ಕತ್ತು ತಿರುಗಿಸಿ ನೋಡಿದತ್ತ ಕ್ಷಿಪಣಿ ತಾನೇ ತಿರುಗಿ ಹೋಗುತ್ತದೆ. ಮೂವತ್ತು ಟನ್ ವಿಮಾನವನ್ನು ತಿರುಗಿಸುವ ಬದಲು ಐದು ಕಿಲೋ ತಲೆಯನ್ನು ತಿರುಗಿಸಿದರೆ ಸಾಕು. ಪಶ್ಚಿಮದವರು ಅದನ್ನು ಸರಿಗಟ್ಟಲು ವರ್ಷಗಳೇ ಬೇಕಾದವು. ಹೀಗೆ ಒಂದೇ ಕಾರ್ಖಾನೆಯ ವಿಮಾನದಲ್ಲಿ ಕೋಬ್ರಾವೂ ಇತ್ತು, ಕೋಬ್ರಾವನ್ನು ಅನಗತ್ಯವಾಗಿಸುವ ಹೆಲ್ಮೆಟ್ಟೂ ಇತ್ತು. ಪ್ರದರ್ಶನದಲ್ಲಿ ಹೆಲ್ಮೆಟ್‌ಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಯುದ್ಧ ಹೇಗಿದೆ ನೋಡೋಣ. 2013ರಲ್ಲಿ ಪ್ಯಾರಿಸ್‌ನಲ್ಲಿ ಇದೇ ಬೊಗ್ದಾನ್ ಸುಖೋಯ್-35 ಹಾರಿಸಿ ನೆರೆದವರನ್ನೆಲ್ಲ ಬಾಯಿ ಬಿಡಿಸಿದ್ದರು. ಒಣಗಿದ ಎಲೆ ಉದುರುವಂತೆ ಸುತ್ತುತ್ತ ಇಳಿದು, ನೆಲದ ಹತ್ತಿರ ಸಾವರಿಸಿಕೊಂಡು ಹೊರಟ ವಿಮಾನ ಅದು. ಒಂಬತ್ತು ವರ್ಷದ ಮೇಲೆ ಅದೇ ಜಾತಿಯ ವಿಮಾನಗಳು ಉಕ್ರೇನ್ ಯುದ್ಧಕ್ಕಿಳಿದವು. ಅಲ್ಲಿ ಅವು ಯಾವ ಕಸರತ್ತನ್ನೂ ಮಾಡಲಿಲ್ಲ. ಎತ್ತರದಲ್ಲಿ, ದೂರದಲ್ಲಿ ಗಸ್ತು ತಿರುಗಿ, ಆರ್-37ಎಂನಂಥ ನೂರಾರು ಕಿಲೋಮೀಟರ್ ಹೋಗುವ ಕ್ಷಿಪಣಿ ಬಿಟ್ಟು ಹಿಂದಿರುಗುವುದೇ ಕೆಲಸ. ಉಕ್ರೇನಿನ ಪೈಲಟ್‌ಗಳಿಗೆ ಅದು ದೊಡ್ಡ ಪೀಡೆಯೇ ಆಯಿತು. ಎದುರಾಳಿಯನ್ನು ಕಣ್ಣಿಂದ ಕಾಣುವ ಮಾತೇ ಇಲ್ಲ. ನೆಲದ ಮೇಲಿನ ಕ್ಷಿಪಣಿಗಳ ವ್ಯಾಪ್ತಿಗೆ ಬಂದ ಸುಖೋಯ್-35ಗಳು ಉರುಳಿದ್ದೂ ಉಂಟು. 2022ರ ಏಪ್ರಿಲ್‌ನಲ್ಲಿ ಇಜ್ಯೂಮ್ ಬಳಿ ಬಿದ್ದದ್ದು ಅಂಥದ್ದೊಂದು. ಎಲೆಯಂತೆ ಉದುರುವ ವಿದ್ಯೆ ಆಗ ಉಪಯೋಗಕ್ಕೆ ಬರಲಿಲ್ಲ.

ಸುಖೋಯ್-57ರ ನಿಜವಾದ ಬಂಡವಾಳವೂ ತಾರಸಿಯ ಮೇಲೆ ನಿಂತವನಿಗೆ ಕಾಣುವಂಥದ್ದಲ್ಲ. ಎರಡು ಎಂಜಿನ್‌ಗಳ ನಡುವೆ ಒಂದರ ಹಿಂದೊಂದು ಎರಡು ಗೂಡುಗಳಿವೆ, ಕ್ಷಿಪಣಿಗಳು ಅದರೊಳಗೆ ಅಡಗಿರುತ್ತವೆ. ಹೊರಗೆ ತೂಗುಹಾಕಿದರೆ ರೇಡಾರ್ ಕಣ್ಣಿಗೆ ಬೀಳುತ್ತವೆ, ಅದಕ್ಕೇ ಈ ಏರ್ಪಾಟು. ಮುಂದಿನ ರೇಡಾರ್ ಅಲ್ಲದೆ ಕೆನ್ನೆಗಳಲ್ಲೂ ರೇಡಾರ್ ಇದೆ, ಅಂದರೆ ಶತ್ರುವಿಗೆ ಪಕ್ಕ ಕೊಟ್ಟು ಹಾರುವಾಗಲೂ ಅವನ ಮೇಲೆ ಕಣ್ಣಿಡಬಹುದು. ನನ್ನ ಮಟ್ಟಿಗೆ ಆ ವಿಮಾನದ ಅತ್ಯಂತ ಜಾಣ ವಿನ್ಯಾಸ ಅದು. ಬಚ್ಚಿಟ್ಟುಕೊಳ್ಳುವ ವಿದ್ಯೆಯಲ್ಲಿ ಮಾತ್ರ ಅಮೆರಿಕದವರಷ್ಟು ನಾಜೂಕಿಲ್ಲ. 2024ರ ನವೆಂಬರ್‌ನಲ್ಲಿ ಚೀನಾದ ಝುಹಾಯ್ ಪ್ರದರ್ಶನದಲ್ಲಿ ನಿಲ್ಲಿಸಿದ್ದ ವಿಮಾನದ ಮೈಮೇಲಿನ ಸ್ಕ್ರೂಗಳನ್ನು ಎಣಿಸಿ ಜನ ನಕ್ಕರು. ಅದು ಹಳೆಯ ಪ್ರಾಯೋಗಿಕ ಮಾದರಿ, ಆದ್ದರಿಂದ ಆ ನಗು ಅರ್ಧ ಅನ್ಯಾಯ. ಆದರೆ ಹಿಂದಿನ ದುಂಡು ನಾಜಲ್‌ಗಳು ಎಲ್ಲ ಮಾದರಿಗೂ ಇದ್ದವು. ಹಿಂದಿನಿಂದ ನೋಡಿದರೆ ಅದು ಅಷ್ಟೇನೂ ಅಡಗಿದ ವಿಮಾನವಲ್ಲ. ಆ ಸ್ಥಾನಕ್ಕೆ ಹೊಸ ಎಂಜಿನ್ 2017ರ ಡಿಸೆಂಬರ್‌ನಿಂದಲೇ ಪರೀಕ್ಷೆಯಲ್ಲಿದೆ.

ಇದಕ್ಕಿಂತ ದೊಡ್ಡ ಕೊರತೆ ಎಣಿಕೆಯದು. 2010ರಲ್ಲಿ ಮೊದಲು ಹಾರಿದ ವಿಮಾನಕ್ಕೆ 76ರ ಆರ್ಡರ್ ಬಿದ್ದದ್ದು 2019ರಲ್ಲಿ. ಕಾರ್ಖಾನೆಯಿಂದ ಬಂದ ಮೊದಲ ಸರಣಿ ವಿಮಾನ ಅದೇ ವರ್ಷದ ಡಿಸೆಂಬರ್ 24ರಂದು, ವಾಯುಪಡೆಯ ಕೈ ಸೇರುವ ಮೊದಲೇ ಕೊಮ್ಸೊಮೊಲ್ಸ್ಕ್ ಬಳಿ ಬಿದ್ದುಹೋಯಿತು. ಪೈಲಟ್ ಹಾರಿಕೊಂಡು ಬದುಕಿದ. ಎಣಿಕೆ ಕಡಿಮೆಯಿದ್ದಾಗ ಮನುಷ್ಯ ಏನು ಮಾಡುತ್ತಾನೆ? ಮನೆಯ ಒಂದೇ ಬಂಗಾರದ ಸರವನ್ನು ಸಂತೆಗೆ ಹಾಕಿಕೊಂಡು ಹೋಗುವುದಿಲ್ಲ. ಉಕ್ರೇನ್ ಯುದ್ಧದಲ್ಲಿ ಸುಖೋಯ್-57 ಬಹುಮಟ್ಟಿಗೆ ರಷ್ಯಾದ ಆಕಾಶದೊಳಗಿನಿಂದಲೇ ದೂರದ ಕ್ಷಿಪಣಿ ಬಿಡುತ್ತ ಬಂದಿದೆ. ಹಾಗೆ ಜೋಪಾನ ಮಾಡಿದರೂ 2024ರ ಜೂನ್ 8ರಂದು ರಷ್ಯಾದೊಳಗಿನ ಅಖ್ತೂಬಿನ್ಸ್ಕ್ ವಾಯುನೆಲೆಯಲ್ಲಿ ಒಂದಕ್ಕೆ ಏಟು ಬಿತ್ತು. ಯುದ್ಧರೇಖೆಯಿಂದ ಸುಮಾರು 590 ಕಿಲೋಮೀಟರ್ ದೂರದಲ್ಲಿ, ಬಯಲಿನಲ್ಲಿ ಸುಮ್ಮನೆ ನಿಂತಿದ್ದಾಗ. ನೆಲದ ಮೇಲಿನ ಸುಟ್ಟ ಕಲೆಗಳಿದ್ದ ಉಪಗ್ರಹ ಚಿತ್ರವನ್ನು ಉಕ್ರೇನಿನ ಗುಪ್ತಚರ ವಿಭಾಗ ಪ್ರಕಟಿಸಿತು. ಹೊಡೆದದ್ದು ಪ್ರೊಪೆಲ್ಲರ್ ಡ್ರೋನ್. ಹತ್ತಾರು ವರ್ಷ ಕಷ್ಟಪಟ್ಟು ರೇಡಾರಿಗೆ ಕಾಣದಂತೆ ಕೆತ್ತಿದ ವಿಮಾನ, ಮೇಲೊಂದು ತಗಡಿನ ಸೂರು ಕೂಡ ಇಲ್ಲದೆ ಬಿಸಿಲಿಗೆ ನಿಂತಿತ್ತು. ಆ ಚಿತ್ರ ನೋಡಿದ ದಿನ ನನಗೆ ನಗಬೇಕೋ ಮರುಗಬೇಕೋ ತಿಳಿಯಲಿಲ್ಲ.

ನಮ್ಮ ಸಂಬಂಧವನ್ನೂ ಹೇಳಿಬಿಡುತ್ತೇನೆ. ಈ ವಿಮಾನದ ಮೇಲೆಯೇ ಭಾರತಕ್ಕೆಂದು ಇನ್ನೊಂದನ್ನು ಒಟ್ಟಿಗೆ ರೂಪಿಸುವ ಒಪ್ಪಂದ 2007ರಲ್ಲಿ ಆಯಿತು. 2010ರಲ್ಲಿ ಪ್ರಾಥಮಿಕ ವಿನ್ಯಾಸಕ್ಕೆ ನಾವು 29.5 ಕೋಟಿ ಡಾಲರ್ ಒಪ್ಪಿಕೊಂಡೆವು. 2018ರಲ್ಲಿ ಹೊರಬಂದೆವು. 2025ರಲ್ಲಿ ಅದೇ ವಿಮಾನ ಗಿರಾಕಿ ಹುಡುಕಿಕೊಂಡು ಯಲಹಂಕಕ್ಕೆ ಬಂತು. ಅದೇ ಆವರಣದಲ್ಲಿ ನಾವೇ ರೂಪಿಸುತ್ತಿರುವ ಎಎಂಸಿಎ ಎಂಬ ಯುದ್ಧವಿಮಾನದ ಪೂರ್ಣ ಗಾತ್ರದ ಮಾದರಿಯೂ ಇತ್ತು, ಹಾರುವುದಲ್ಲ, ನಿಲ್ಲಿಸಿದ್ದು. ಒಂದು ಮಾತು ಮಾತ್ರ ಕೊಳ್ಳುವವರು ಮರೆಯಬಾರದು. ಸುಖೋಯ್-30 ಎಂಕೆಐ ಕುರಿತು 2015ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಹೇಳಿದ್ದು ಹೀಗೆ: ಇರುವ ವಿಮಾನಗಳಲ್ಲಿ ಹಾರಲು ಸಿದ್ಧವಿರಬೇಕಾದದ್ದು ಶೇ 75, ಸಿದ್ಧವಿದ್ದದ್ದು ಶೇ 55ರಿಂದ 60. ಮಿಕ್ಕವು ಬಿಡಿಭಾಗಕ್ಕೆ, ದುರಸ್ತಿಗೆ ಕಾದು ಕೂತಿದ್ದವು. ಪ್ರದರ್ಶನಕ್ಕೆ ಬರುವುದು ಯಾವಾಗಲೂ ಸಿದ್ಧವಿರುವ ಒಂದು. ಯುದ್ಧಕ್ಕೆ ಬೇಕಾಗುವುದು ಶೆಡ್ಡಿನಲ್ಲಿ ಕೂತಿರುವ ನಲವತ್ತು.

ಪ್ರಶ್ನೋತ್ತರದಲ್ಲಿ ಬಂದ ಎರಡನ್ನು ಸೇರಿಸುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಹಾಗಾದರೆ ಏರ್ ಶೋ ಬರೀ ಮೋಸವೇ ಸರ್?' ಅಲ್ಲಮ್ಮ. ಅಷ್ಟು ಜನರೆದುರು, ಅಷ್ಟು ಕೆಳಗೆ, ಗಾಳಿ ಕೈಕೊಟ್ಟ ಕೋನದಲ್ಲೂ ಎಂಜಿನ್ ಆರಲಿಲ್ಲ, ಕಂಪ್ಯೂಟರ್ ತಬ್ಬಿಬ್ಬಾಗಲಿಲ್ಲ ಎಂಬುದು ಸುಳ್ಳು ಹೇಳಲಾಗದ ಸಾಕ್ಷ್ಯ. ಇದೇ ಸುಖೋಯ್-57ರ ಮಾದರಿಯೊಂದು 2011ರ ಆಗಸ್ಟ್‌ನಲ್ಲಿ, ಮಾಸ್ಕೋ ಬಳಿಯ ಪ್ರದರ್ಶನದಲ್ಲಿ ಓಡುದಾರಿಯ ಮೇಲೆಯೇ ಎಂಜಿನ್ನಿಂದ ಬೆಂಕಿ ಕಾರಿ, ಬ್ರೇಕಿನ ಪ್ಯಾರಾಚೂಟ್ ಬಿಚ್ಚಿ ನಿಂತುಬಿಟ್ಟಿತ್ತು. ಸಾವಿರಾರು ಜನ ನೋಡಿದರು, ಮುಚ್ಚಿಡಲಾಗಲಿಲ್ಲ. ಪೈಲಟ್‌ಗಳಿಗೂ ಅದು ಆಟವಲ್ಲ. 2019ರಲ್ಲಿ ನಮ್ಮ ಯಲಹಂಕದಲ್ಲೇ ಪ್ರದರ್ಶನದ ಹಿಂದಿನ ದಿನ ತಾಲೀಮಿನಲ್ಲಿ ವಾಯುಪಡೆಯ ಕಸರತ್ತಿನ ತಂಡವಾದ ಸೂರ್ಯಕಿರಣ್‌ನ ಎರಡು ವಿಮಾನ ಡಿಕ್ಕಿಯಾಗಿ ಒಬ್ಬರು ತೀರಿಕೊಂಡರು.

ಹಿಂದಿನ ಬೆಂಚಿನ ಹುಡುಗನ ಪ್ರಶ್ನೆ ಬೇರೆ ಥರದ್ದು. 'ಸರ್, ಏರೋ ಇಂಡಿಯಾ ಬಂದರೆ ನಮ್ಮ ಅಪ್ಪನ ಕೋಳಿ ಅಂಗಡಿ ಮುಚ್ಚಿಸುತ್ತಾರೆ. ಈ ಸಲ ಹದಿಮೂರು ಕಿಲೋಮೀಟರ್ ಸುತ್ತ, ಮೂರು ವಾರಕ್ಕೂ ಹೆಚ್ಚು. ವಿಮಾನಕ್ಕೂ ಕೋಳಿಗೂ ಏನು ಸಂಬಂಧ?'

ಆಗ ಹೇಳದೆ ಉಳಿಸಿಕೊಂಡಿದ್ದ ಪ್ಯಾರಿಸ್ ಕಥೆ ಹೇಳಿದೆ. 1989ರ ಜೂನ್ 8. ಅನತೋಲಿ ಕ್ವೊಚುರ್ ಮಿಗ್-29ನ್ನು ಮೂತಿ ಎತ್ತಿ, ನಿಧಾನವಾಗಿ, ನೆಲದಿಂದ ಇನ್ನೂರು ಮೀಟರ್ ಕೂಡ ಇಲ್ಲದ ಎತ್ತರದಲ್ಲಿ ತೋರಿಸುತ್ತಿದ್ದರು. ಬಲಗಡೆಯ ಎಂಜಿನ್ ಒಂದು ಹಕ್ಕಿಯನ್ನು ನುಂಗಿತು. ಆ ವೇಗದಲ್ಲಿ, ಆ ಕೋನದಲ್ಲಿ ಒಂದೇ ಎಂಜಿನ್ ಉಳಿದರೆ ವಿಮಾನ ಪಕ್ಕಕ್ಕೆ ಉರುಳುತ್ತದೆ, ಸಾವರಿಸಲು ಎತ್ತರವೂ ಇಲ್ಲ, ವೇಗವೂ ಇಲ್ಲ. ಮೂತಿ ನೆಲ ನೋಡಿದ ಮೇಲೆ, ಕೊನೆಯ ಕ್ಷಣದಲ್ಲಿ ಕೆ-36 ಎಂಬ ಆಸನ ಅವರನ್ನು ಹೊರಗೆಸೆಯಿತು. ವಿಮಾನ ಉರಿದ ಜಾಗದ ಪಕ್ಕದಲ್ಲೇ ಬಿದ್ದು ಬದುಕಿದರು. ನಮ್ಮ ಸುಖೋಯ್-30ರಲ್ಲಿರುವುದೂ ಅದೇ ಮನೆತನದ ಆಸನ. ಮಾಂಸದ ತ್ಯಾಜ್ಯ ಬಯಲಿಗೆ ಬಿದ್ದರೆ ಹದ್ದುಗಳು ಸುತ್ತುತ್ತವೆ. ಎರಡು ಕಿಲೋ ತೂಗದ ಒಂದು ಹದ್ದು ಸಾಕು.

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. 'ಸರಿ ಸರ್, ಮುಚ್ಚುತ್ತೇವೆ. ಆದರೆ ಮುಂದಿನ ಸಲ ಅಂಗಡಿ ಮುಚ್ಚಿದವರಿಗೆ ಒಂದೊಂದು ಪಾಸು ಕೊಡಲು ಹೇಳಿ. ಅಪ್ಪ ಇದುವರೆಗೂ ತಾರಸಿಯಿಂದಲೇ ನೋಡಿರುವುದು.'